ಪ್ರಾರ್ಥನೆಯಿಂದ ಏಳುವಾಗ ಒಂದು ಹೆಸರು

ನಮ್ಮ ಮನೆಯಲ್ಲಿ ಸಂಜೆ ಏಳು ಗಂಟೆಗೆ ಜಪಸರ, ಅಂದರೆ ಮಣಿ ಎಣಿಸುತ್ತಾ ಮಾತೆ ಮರಿಯಾಳಿಗೆ ಹೇಳುವ ಪ್ರಾರ್ಥನೆ. ಒಂದು ದಿನವೂ ತಪ್ಪುತ್ತಿರಲಿಲ್ಲ. ಅದೇ ಮನೆಯಲ್ಲಿ ನಾನೂ ನನ್ನ ವಾರಗಿತ್ತಿಯೂ ಒಂದೂವರೆ ವರ್ಷ ಮಾತು ಬಿಟ್ಟಿದ್ದೆವು. ಚಾಪೆಯ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು. ‘ನಮೋ ಮರಿಯಾ’ ಎಂದು ಅವಳು ಶುರು ಮಾಡಿದರೆ ‘ಸಂತ ಮರಿಯಾ’ ಎಂದು ನಾನು ಮುಗಿಸುತ್ತಿದ್ದೆ. ಆಮೇಲೆ ಅವಳು ಅಡುಗೆಮನೆಗೆ, ನಾನು ಹಿತ್ತಲಿಗೆ. ಒಂದು ಸಂಜೆ ನಮ್ಮತ್ತೆ ಜಪಸರವನ್ನು ಡಬ್ಬಿಗೆ ಹಾಕುತ್ತಾ ಕೇಳಿದರು, “ಅಲ್ಲಮ್ಮಾ, ಅವಳು ಅರ್ಧ ಹೇಳ್ತಾಳೆ, ನೀನು ಅರ್ಧ ಹೇಳ್ತೀಯ. ಅದು ಮಾತೆಗೆ ಕೇಳುತ್ತೆ. ನಿಮ್ಮಿಬ್ಬರಿಗೇ ಕೇಳಲ್ವಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಗಲೇ ಎಷ್ಟೋ ವರ್ಷದಿಂದ ನಾನು ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೆ. ಪ್ರಾರ್ಥನೆಗಳೆಲ್ಲ ಬಾಯಿಪಾಠ. ಪ್ರಾರ್ಥನೆ ಒಂದು ಕೋಣೆಯಲ್ಲಿ, ಬದುಕು ಇನ್ನೊಂದು ಕೋಣೆಯಲ್ಲಿ ಇತ್ತು ಅಷ್ಟೇ. ನಡುವಿನ ಬಾಗಿಲನ್ನು ತೆರೆಯುವುದು ಹೇಗೆ ಎಂದು ಕಲಿಯುವುದಕ್ಕೆ ಹಲವು ವರ್ಷ ಹಿಡಿಯಿತು. ಕಲಿತದ್ದರಲ್ಲಿ ಉಪಯೋಗಕ್ಕೆ ಬಂದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಚರ್ಚಿನ ಪೂಜೆಗೆ ಹೋಗುತ್ತೀರಿ, ಪ್ರಾರ್ಥನೆಗಳೂ ಗೊತ್ತು, ಆದರೂ ವಿಶ್ವಾಸ ಎಲ್ಲೋ ನಿಂತುಬಿಟ್ಟಿದೆ ಅನ್ನಿಸುತ್ತಿದೆಯಾ? ಇದು ನಿಮಗಾಗಿ.

ಇಡೀ ಲೇಖನದ ತಿರುಳು ಒಂದೇ ಅಭ್ಯಾಸ. ಬೆಳಿಗ್ಗೆ ಪ್ರಾರ್ಥನೆಯಿಂದ ಏಳುವಾಗ ಒಬ್ಬ ಮನುಷ್ಯನ ಹೆಸರು ನಿಮ್ಮ ಮನಸ್ಸಿನಲ್ಲಿರಲಿ. ರಾತ್ರಿ ಮಲಗುವ ಮುಂಚೆ ಆ ಮನುಷ್ಯನಿಗಾಗಿ ಒಂದು ಕೆಲಸ ಆಗಿರಲಿ. ಉಳಿದ ಹೆಜ್ಜೆಗಳೆಲ್ಲ ಇದಕ್ಕೆ ಆಸರೆ.

1. ಮೊದಲು ಹತ್ತು ನಿಮಿಷ ಕಾದಿಡಿ

ಒಂದು ಗಂಟೆ ಪ್ರಾರ್ಥನೆ ಮಾಡುತ್ತೇನೆ ಎಂದು ಹರಕೆ ಹೊರಬೇಡಿ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಎಲ್ಲರೂ ಹಾಗೆ ಶುರು ಮಾಡುತ್ತೇವೆ, ಮುಂದಿನ ಬುಧವಾರದ ಹೊತ್ತಿಗೆ ನಿಂತಿರುತ್ತದೆ. ಹತ್ತು ನಿಮಿಷ ಸಾಕು. ಆದರೆ ದಿನಾ ಅದೇ ಹೊತ್ತು, ಅದೇ ಜಾಗ.

ಹೊತ್ತು ಯಾವುದು ಎನ್ನುವುದು ನಿಮ್ಮ ಮನೆಯ ಮೇಲೆ ನಿಂತಿದೆ. ಮಕ್ಕಳನ್ನು ಸ್ಕೂಲಿಗೆ ಕಳಿಸುವ ತಾಯಿಗೆ ಆರು ಗಂಟೆ ಆಗದಿರಬಹುದು, ಒಂಬತ್ತೂವರೆ ಆಗಬಹುದು. ರಾತ್ರಿ ಪಾಳಿ ಮಾಡುವವರಿಗೆ ಮನೆಗೆ ಬಂದು ಚಪ್ಪಲಿ ಬಿಟ್ಟ ಹೊತ್ತೇ ಬೆಳಗು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಫೋನ್ ನೋಡುವುದಕ್ಕೆ ಮುಂಚೆ. ಫೋನ್ ನೋಡಿದ ಮೇಲೆ ಮನಸ್ಸಿನಲ್ಲಿ ಇಪ್ಪತ್ತು ಜನ ಮಾತಾಡುತ್ತಿರುತ್ತಾರೆ. ಆಗ ಯೇಸುಸ್ವಾಮಿಯ ದನಿ ಕೇಳುವುದು ಕಷ್ಟ.

ಜಾಗಕ್ಕೆ ಪವಿತ್ರ ಹೃದಯದ ಪಟದ ಕೆಳಗಿನ ಒಂದು ಸ್ಟೂಲು ಸಾಕು. ಬೇರೆ ಪೀಠ ಬೇಕೆಂದಿಲ್ಲ. ಕೂತ ಮೇಲೆ ಶಿಲುಬೆಯ ಗುರುತು ಹಾಕಿ. ನಿಧಾನಕ್ಕೆ ಹಾಕಿ. ಹಣೆ, ಎದೆ, ಎರಡೂ ಭುಜ. ನಾವು ಸಾಮಾನ್ಯವಾಗಿ ನೊಣ ಓಡಿಸುವ ಹಾಗೆ ಕೈ ಆಡಿಸುತ್ತೇವೆ. ಜ್ಞಾನಸ್ನಾನದಲ್ಲಿ ನಮ್ಮನ್ನು ದೇವರಿಗೆ ಒಪ್ಪಿಸಿದ್ದು ಇದೇ ಹೆಸರಿನಲ್ಲಿ: ಪಿತ, ಸುತ, ಪವಿತ್ರಾತ್ಮ. ಅದನ್ನು ನೆನೆದು ಹಾಕಿದ ಒಂದು ಗುರುತು ಅರ್ಧ ಪ್ರಾರ್ಥನೆಗೆ ಸಮ.

2. ಇವತ್ತಿನ ಶುಭಸಂದೇಶ ಓದಿ

ಬೈಬಲನ್ನು ಎಲ್ಲಿಂದ ಓದಲಿ ಎಂದು ಬಹಳ ಜನ ಕೇಳುತ್ತಾರೆ. ಆದಿಕಾಂಡದಿಂದ ಶುರು ಮಾಡಿ, ಯಾಜಕಕಾಂಡಕ್ಕೆ ಬಂದು ನಿಲ್ಲಿಸಿದವರನ್ನು ನಾನು ತುಂಬಾ ನೋಡಿದ್ದೇನೆ. ಸುಲಭದ ದಾರಿ ಇದೆ. ಪ್ರತಿ ದಿನದ ಪೂಜೆಗೂ ನಮ್ಮ ಕಥೋಲಿಕ ಧರ್ಮಸಭೆ ಯೇಸುವಿನ ಬದುಕು ಹೇಳುವ ಶುಭಸಂದೇಶದ ಒಂದು ಭಾಗ ಗೊತ್ತುಮಾಡಿದೆ. ಭಾನುವಾರಗಳಿಗೆ ಮೂರು ವರ್ಷದ ಸುತ್ತು: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೊವಾನ್ನರ ಶುಭಸಂದೇಶ ಹೆಚ್ಚಾಗಿ ಪಾಸ್ಕ (ಈಸ್ಟರ್) ಕಾಲದಲ್ಲಿ ಬರುತ್ತದೆ. ಧರ್ಮಕೇಂದ್ರದ, ಅಂದರೆ ನಿಮ್ಮ ಊರಿನ ಚರ್ಚಿನ, ಕ್ಯಾಲೆಂಡರಿನಲ್ಲಿ ಅಧ್ಯಾಯ, ವಚನ ಎಲ್ಲ ಇರುತ್ತದೆ. ಇವತ್ತು ನೀವು ಮನೆಯಲ್ಲಿ ಓದುವ ಭಾಗವನ್ನೇ ಎಷ್ಟೋ ದೇಶದ ದೇವಾಲಯಗಳಲ್ಲಿ ಓದುತ್ತಿರುತ್ತಾರೆ. ಒಬ್ಬರೇ ಕೂತಿದ್ದರೂ ಒಬ್ಬರೇ ಅಲ್ಲ.

ಓದುವ ರೀತಿಗೆ ಹಳೆಯದೊಂದು ಕ್ರಮ ಇದೆ. 12ನೇ ಶತಮಾನದಲ್ಲಿ ಗಿಗೋ ಎಂಬ ಕಾರ್ಥೂಸಿಯನ್ ಸನ್ಯಾಸಿ ಅದನ್ನು ನಾಲ್ಕು ಮೆಟ್ಟಿಲಿನ ಏಣಿ ಎಂದರು. ಓದುವುದು, ಮೆಲುಕು ಹಾಕುವುದು, ದೇವರ ಹತ್ತಿರ ಮಾತಾಡುವುದು, ಆಮೇಲೆ ಸುಮ್ಮನೆ ಅವರ ಮುಂದೆ ಇರುವುದು.

ಒಂದು ಉದಾಹರಣೆ ಹಿಡಿಯೋಣ. ಮಾರ್ಕ 10ನೇ ಅಧ್ಯಾಯ, 46ರಿಂದ 52. ಜೆರಿಕೋ ಊರಿನ ದಾರಿ ಬದಿಯಲ್ಲಿ ಒಬ್ಬ ಕುರುಡ ಭಿಕ್ಷುಕ ಕೂತಿದ್ದಾನೆ. ಯೇಸು ಬರುತ್ತಿದ್ದಾರೆಂದು ಕೇಳಿ ಕೂಗುತ್ತಾನೆ. ಜನ ಅವನನ್ನು ಗದರಿಸಿ ಬಾಯಿ ಮುಚ್ಚಿಸಲು ನೋಡುತ್ತಾರೆ. ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಯೇಸು ನಿಲ್ಲುತ್ತಾರೆ. ಅವನನ್ನು ಕರೆಯಿರಿ ಎನ್ನುತ್ತಾರೆ. ಹೊದ್ದ ಬಟ್ಟೆಯನ್ನು ಎಸೆದು ಅವನು ಜಿಗಿದೇಳುತ್ತಾನೆ.

ಮೊದಲ ಸಲ ಕತೆಯಾಗಿ ಓದಿ. ಎರಡನೇ ಸಲ ಓದುವಾಗ ಒಂದು ಮಾತು ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಒಂದು ಸಲ ನನ್ನನ್ನು ನಿಲ್ಲಿಸಿದ್ದು ‘ಯೇಸು ನಿಂತರು’ ಎಂಬ ಮಾತು. ಅಷ್ಟು ದೊಡ್ಡ ಗುಂಪು, ಜೆರುಸಲೇಮಿಗೆ ಹೊರಟ ಪಯಣ, ಮುಂದೆ ಶಿಲುಬೆ. ಆದರೂ ಒಬ್ಬ ಭಿಕ್ಷುಕನಿಗಾಗಿ ಅವರು ನಿಂತರು. ನಾನು ಯಾರಿಗಾದರೂ ನಿಲ್ಲುತ್ತೇನಾ? ಅಲ್ಲಿಂದ ಪ್ರಾರ್ಥನೆ ತಾನಾಗಿ ಬರುತ್ತದೆ. ಅವನು ಕೂಗಿದ ಮಾತನ್ನೇ ಎತ್ತಿಕೊಳ್ಳಿ: ಯೇಸುವೇ, ನನ್ನ ಮೇಲೆ ದಯೆ ತೋರಿ. ಇನ್ನೊಂದು ವಿಷಯ ನೋಡಿ. ಆ ಭಿಕ್ಷುಕನ ಹೆಸರನ್ನು ಮಾರ್ಕ ಮರೆಯದೆ ಬರೆದಿದ್ದಾರೆ. ತಿಮಾಯನ ಮಗ ಬಾರ್ತಿಮಾಯ. ಜನರ ಕಣ್ಣಿಗೆ ಬರೀ ಕುರುಡ. ಶುಭಸಂದೇಶದಲ್ಲಿ ಅವನಿಗೊಂದು ಹೆಸರಿದೆ.

3. ಆ ಹೆಸರನ್ನು ಕೇಳಿಕೊಳ್ಳಿ

ಹತ್ತು ನಿಮಿಷದ ಕೊನೆಯ ಎರಡು ನಿಮಿಷ ಇದಕ್ಕೆ. “ಸ್ವಾಮಿ, ಇವತ್ತು ನಾನು ಯಾರಿಗಾಗಿ ನಿಲ್ಲಲಿ?” ಎಂದು ಕೇಳಿ. ಆಮೇಲೆ ಸುಮ್ಮನಿರಿ.

ಆಕಾಶವಾಣಿ ಬರುವುದಿಲ್ಲ. ಒಂದು ಮುಖ ನೆನಪಾಗುತ್ತದೆ. ಆಸ್ಪತ್ರೆಯಿಂದ ಬಂದ ಪಕ್ಕದ ಮನೆಯ ಅಜ್ಜ. ಪರೀಕ್ಷೆಯಲ್ಲಿ ಫೇಲಾಗಿ ಯಾರ ಎದುರಿಗೂ ಬಾರದ ಅಣ್ಣನ ಮಗ. ಆಫೀಸಿನಲ್ಲಿ ಒಬ್ಬರೇ ಊಟ ಮಾಡುವ ಹೊಸಬರು. ಕೆಲವು ದಿನ ನೆನಪಾಗುವ ಮುಖ ನಮಗೆ ಬೇಡವಾದದ್ದೇ ಆಗಿರುತ್ತದೆ. ನೀವು ತಳ್ಳಿದಷ್ಟೂ ಬರುತ್ತದೆ. ಅದನ್ನೇ ಹಿಡಿದುಕೊಳ್ಳಿ. ಆ ಹೆಸರನ್ನು ನೀವೇ ಹುಡುಕಿ ತಂದಿಲ್ಲ ಎನ್ನುವುದಕ್ಕೆ ಅದೇ ಗುರುತು.

ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಹೆಸರು ಬರೆಯಿರಿ. ಕಾರಣ ಬರೆಯಬೇಡಿ, ವಿವರ ಬರೆಯಬೇಡಿ. ಬೇರೆಯವರ ಕಷ್ಟ ನಿಮ್ಮ ನೋಟ್‌ಬುಕ್ಕಿನಲ್ಲಿ ಸುದ್ದಿಯಾಗಬಾರದು. ಬರೀ ಹೆಸರು ಸಾಕು. ದೇವರಿಗೆ ಉಳಿದದ್ದು ಗೊತ್ತು. ಬರೆದ ಮೇಲೆ ಆ ಹೆಸರಿನ ಮೇಲೆ ಒಂದು ‘ಪರಲೋಕದಲ್ಲಿರುವ ನಮ್ಮ ತಂದೆಯೇ’, ಒಂದು ‘ನಮೋ ಮರಿಯಾ’ ಹೇಳಿ.

ಹೆಸರು ಹಿಡಿದು ಪ್ರಾರ್ಥಿಸುವುದನ್ನು ನಾನು ಕಲಿತದ್ದು ಫ್ರಾನ್ಸಿನ ಲಿಸಿಯೋದ ಸಂತ ತೆರೇಸಮ್ಮನವರಿಂದ. 1887ರಲ್ಲಿ ಅವರಿಗೆ ಹದಿನಾಲ್ಕು ವರ್ಷ. ಪ್ಯಾರಿಸ್ಸಿನಲ್ಲಿ ಮೂರು ಕೊಲೆ ಮಾಡಿದ ಪ್ರಾಂಜಿನಿ ಎಂಬವನಿಗೆ ಮರಣದಂಡನೆ ಆಗಿತ್ತು. ಅವನು ಪಶ್ಚಾತ್ತಾಪದ ಒಂದು ಮಾತೂ ಆಡಿರಲಿಲ್ಲ. ಊರೆಲ್ಲ ಅವನಿಗೆ ಶಾಪ ಹಾಕುವಾಗ ಈ ಹುಡುಗಿ ಅವನ ಹೆಸರು ಹಿಡಿದು ಪ್ರಾರ್ಥಿಸಿದಳು, ಅವನಿಗಾಗಿ ಪೂಜೆ ಕೊಡಿಸಿದಳು. ಕೊನೆಯ ಗಳಿಗೆಯಲ್ಲಿ ಅವನು ಗುರುಗಳ ಕೈಯಲ್ಲಿದ್ದ ಶಿಲುಬೆಗೆ ಮುತ್ತಿಟ್ಟ ಎಂದು ಮಾರನೇ ದಿನ ಪತ್ರಿಕೆಯಲ್ಲಿ ಓದಿದಳು. ಅವನನ್ನು ತನ್ನ ಮೊದಲ ಮಗು ಎಂದು ಕರೆದಳು. ಮರುವರ್ಷ ಸನ್ಯಾಸಿನಿಯರ ಕಾರ್ಮೆಲ್ ಮಠ ಸೇರಿದವರು ಅಲ್ಲಿಂದ ಮತ್ತೆ ಹೊರಗೆ ಬರಲಿಲ್ಲ. 1897ರಲ್ಲಿ, ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ತೀರಿಕೊಂಡರು. ಧರ್ಮಪ್ರಚಾರಕ್ಕಾಗಿ ಎಲ್ಲಿಗೂ ಹೋಗದ ಈ ಹೆಣ್ಣುಮಗಳನ್ನೇ ಧರ್ಮಸಭೆ 1927ರಲ್ಲಿ ಧರ್ಮಪ್ರಚಾರಕರ ಪಾಲಕಿಯನ್ನಾಗಿ ಮಾಡಿತು. ಮಂಚ ಹಿಡಿದ ಅಜ್ಜಿಯಂದಿರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ. ಹೊರಗೆ ಹೋಗಲಾರದವರೂ ಈ ಕೆಲಸಕ್ಕೆ ಬೇಕು.

4. ಹೆಸರಿಗೊಂದು ಕೆಲಸ, ಅದೇ ದಿನ

ಇಲ್ಲಿ ಬಹಳ ಜನ ಜಾರುತ್ತೇವೆ. “ನಿಮಗಾಗಿ ಪ್ರಾರ್ಥಿಸ್ತೀನಿ” ಎಂದು ಹೇಳುವುದು ಸುಲಭ. ಪ್ರಾರ್ಥಿಸಿದ ಮೇಲೆ ಒಂದು ಫೋನ್ ಮಾಡುವುದು ಕಷ್ಟ.

ಕೆಲಸ ಚಿಕ್ಕದಾಗಿರಲಿ, ಇವತ್ತೇ ಆಗುವಂತಿರಲಿ. ಅಜ್ಜನಿಗೆ ಗಂಜಿಯ ಜೊತೆ ಒಂದು ತೊವ್ವೆ. ಅಣ್ಣನ ಮಗನಿಗೆ “ಬಾರೋ, ಬೇಕರಿಗೆ ಹೋಗಿ ಬರೋಣ” ಎನ್ನುವ ಒಂದು ಮಾತು, ಪರೀಕ್ಷೆಯ ಸುದ್ದಿ ಎತ್ತದೆ. ಹೊಸಬರ ಪಕ್ಕದಲ್ಲಿ ನಿಮ್ಮ ಊಟದ ಡಬ್ಬಿ. ನನ್ನ ನೋಟ್‌ಬುಕ್ಕಿನಲ್ಲಿ ಮೊದಲ ವಾರವೇ ವಾರಗಿತ್ತಿಯ ಹೆಸರು ಬಂತು. ಮಾತಾಡಲು ಧೈರ್ಯ ಬರಲಿಲ್ಲ. ಅವಳ ಮಗಳ ಯೂನಿಫಾರ್ಮ್ ಒಗೆದು ಒಣಹಾಕಿದೆ, ಅಷ್ಟೇ. ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನ ನಾನು ನೀರು ಹಿಡಿಯಲು ಏಳುವ ಮುಂಚೆ ನನ್ನ ಬಿಂದಿಗೆಯೂ ತುಂಬಿತ್ತು. ಮಾತು ಶುರುವಾದದ್ದು ಅದಕ್ಕಿಂತ ಎಷ್ಟೋ ದಿನ ಆದಮೇಲೆ.

ಇಟಲಿಯ ಟ್ಯೂರಿನ್ನಿನ ಪಿಯೆರ್ ಜೋರ್ಜಿಯೋ ಫ್ರಸ್ಸಾತಿ ಎಂಬ ಯುವಕನ ಬಗ್ಗೆ ನಿಮ್ಮ ಮನೆಯ ಹುಡುಗರಿಗೆ ಹೇಳಿ. ಬೆಟ್ಟ ಹತ್ತುವ ಹುಚ್ಚು, ಗೆಳೆಯರ ದಂಡು, ಸ್ಥಿತಿವಂತರ ಮನೆ. ದಿನಾ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಸ್ವೀಕರಿಸುತ್ತಿದ್ದ. ಸಂತ ವಿನ್ಸೆಂಟ್ ದೆ ಪಾಲ್ ಸಭೆಯ ಸದಸ್ಯನಾಗಿ ಬಡವರ ಮನೆಗಳಿಗೆ ಹೋಗುತ್ತಿದ್ದ. 1925ರ ಜುಲೈ 4ರಂದು ಪೋಲಿಯೋದಿಂದ ತೀರಿಕೊಂಡಾಗ ಅವನಿಗೆ ಇಪ್ಪತ್ತನಾಲ್ಕು. ಸಾಯುವ ಹಿಂದಿನ ದಿನ ಕೈ ಸ್ವಾಧೀನ ತಪ್ಪುತ್ತಿದ್ದಾಗ ಒಂದು ಚೀಟಿ ಗೀಚಿದ. ಅದರಲ್ಲಿ ಒಬ್ಬ ಬಡ ರೋಗಿಯ ಹೆಸರು, ಅವನಿಗೆ ಇಂಜೆಕ್ಷನ್ ತಲುಪಿಸಿ ಎಂಬ ಕೋರಿಕೆ. ಶವಯಾತ್ರೆಗೆ ಬಂದ ಬಡವರ ಗುಂಪು ನೋಡಿದ ಮೇಲೆಯೇ ಮಗ ಏನು ಮಾಡುತ್ತಿದ್ದನೆಂದು ಮನೆಯವರಿಗೆ ಗೊತ್ತಾಯಿತು. 2025ರ ಸೆಪ್ಟೆಂಬರ್ 7ರಂದು ಪೋಪ್ ಲಿಯೋ ಅವರು ಅವನನ್ನು ಸಂತ ಎಂದು ಘೋಷಿಸಿದರು.

ಸಾಕ್ಷಿ ಎಂದ ಕೂಡಲೇ ದಾನಧರ್ಮ ಮಾತ್ರ ನೆನಪಾಗಬಾರದು. ಮನೆಗೆಲಸಕ್ಕೆ ಬರುವವರಿಗೆ ಒಂದನೇ ತಾರೀಕೇ ಸಂಬಳ ಕೊಡಿ. ಕೆಲಸದವರ ತಡೆಹಿಡಿದ ಕೂಲಿ ಕೂಗುತ್ತದೆ ಎಂದು ಸಂತ ಯಕೋಬರು ತಮ್ಮ ಪತ್ರದ ಐದನೇ ಅಧ್ಯಾಯದಲ್ಲಿ ಬರೆದಿದ್ದಾರೆ. ಓದಿ ನೋಡಿ, ಮೈ ಜುಮ್ ಅನ್ನುತ್ತದೆ. ತಕ್ಕಡಿ ಹಿಡಿಯುವವರು ಪೂರ್ತಿ ತೂಗಲಿ. ಫೈಲು ಮುಟ್ಟುವವರು ಕೈ ಚಾಚದಿರಲಿ. ಮನೆ ಬಾಡಿಗೆಗೆ ಕೊಡುವವರು ಜಾತಿ ಕೇಳದಿರಲಿ. ಈ ಕೊನೆಯ ಮಾತಿಗೆ ನಮ್ಮ ದೇಶದ ಸಂತರೊಬ್ಬರು ಪ್ರಾಣವನ್ನೇ ಕೊಟ್ಟಿದ್ದಾರೆ. ತಿರುವಾಂಕೂರಿನ ಅರಮನೆಯಲ್ಲಿ ಅಧಿಕಾರಿಯಾಗಿದ್ದ ದೇವಸಹಾಯಂ 1745ರಲ್ಲಿ ಜ್ಞಾನಸ್ನಾನ ಪಡೆದ ಮೇಲೆ ಎಲ್ಲ ಜಾತಿಯವರ ಜೊತೆ ಸಮನಾಗಿ ಬೆರೆತರು. ಸೆರೆ, ಹಿಂಸೆ ಅನುಭವಿಸಿ 1752ರಲ್ಲಿ ಗುಂಡಿಗೆ ಬಲಿಯಾದರು. 2022ರ ಮೇ 15ರಂದು ಸಂತರಾದರು. ಗುರುಗಳಲ್ಲ, ಸನ್ಯಾಸಿಯಲ್ಲ, ಹೆಂಡತಿ ಇದ್ದ ಸಂಸಾರಸ್ಥರು. ಭಾರತದ ಗೃಹಸ್ಥರಲ್ಲಿ ಸಂತ ಪದವಿಗೆ ಏರಿದವರಲ್ಲಿ ಅವರೇ ಮೊದಲಿಗರು.

5. ದಿನದ ನಡುವೆ ಉಸಿರಿನಷ್ಟು ಪ್ರಾರ್ಥನೆ

ಬೆಳಗಿನ ಹೆಸರು ಮಧ್ಯಾಹ್ನದ ಹೊತ್ತಿಗೆ ಮರೆತುಹೋಗುತ್ತದೆ. ಅದಕ್ಕೆ ನಮ್ಮ ಹಿರಿಯರ ತ್ರಿಕಾಲ ಪ್ರಾರ್ಥನೆ, ದೇವದೂತ ಮರಿಯಾಳಿಗೆ ತಂದ ಸಂದೇಶವನ್ನು ನೆನೆಯುವ ಪ್ರಾರ್ಥನೆ, ಒಳ್ಳೆಯ ಉಪಾಯ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ಗಂಟೆ ಕೇಳಿಸುವಷ್ಟು ಹತ್ತಿರ ದೇವಾಲಯ ಇಲ್ಲದಿದ್ದರೆ ಫೋನಿನಲ್ಲಿ ಹನ್ನೆರಡಕ್ಕೆ ಒಂದು ಅಲಾರಂ ಇಡಿ. ಪ್ರಾರ್ಥನೆ ಹೇಳಿ, ಕೊನೆಗೆ ಇವತ್ತಿನ ಹೆಸರು ಸೇರಿಸಿ.

ಬಸ್ಸಿನಲ್ಲಿ ಪೂರ್ತಿ ಜಪಸರ ಆಗದಿದ್ದರೆ ಒಂದು ಹತ್ತು ಮಣಿ ಹೇಳಿ. ಜಪಸರ ಹೇಳುತ್ತಾ ಧ್ಯಾನಿಸಲು ಯೇಸು, ಮರಿಯಾಳ ಬದುಕಿನ ಘಟನೆಗಳು, ಅಂದರೆ ದಿನಕ್ಕೊಂದು ಬಗೆಯ ರಹಸ್ಯ ಇದೆಯಲ್ಲ: ಸೋಮವಾರ, ಶನಿವಾರ ಸಂತೋಷದ್ದು, ಮಂಗಳವಾರ, ಶುಕ್ರವಾರ ದುಃಖದ್ದು, ಬುಧವಾರ, ಭಾನುವಾರ ಮಹಿಮೆಯದ್ದು. ಗುರುವಾರಕ್ಕೆ ಬೆಳಕಿನ ರಹಸ್ಯಗಳು. ಅವನ್ನು 2002ರಲ್ಲಿ ಸಂತ ಎರಡನೇ ಜಾನ್ ಪೌಲರು ಸೇರಿಸಿದರು. ಸಿಗ್ನಲ್ಲಿನಲ್ಲಿ ನಿಂತಾಗ, ಕುಕ್ಕರ್ ಕೂಗುವುದಕ್ಕೆ ಕಾಯುವಾಗ, ಬಾರ್ತಿಮಾಯನ ಆ ಒಂದು ಸಾಲು ಸಾಕು.

6. ರಾತ್ರಿ ಐದು ನಿಮಿಷ ಹಿಂದಕ್ಕೆ ನೋಡಿ

ಲೊಯೋಲದ ಸಂತ ಇಗ್ನೇಷಿಯಸ್ ತಮ್ಮವರಿಗೆ ದಿನಕ್ಕೆ ಎರಡು ಸಲ ಆತ್ಮಶೋಧನೆ ಮಾಡಲು ಹೇಳಿದರು. ನಮಗೆ ಒಂದು ಸಲ ಸಾಕು. ಮೊದಲು ವಂದನೆ: ಇವತ್ತು ಸಿಕ್ಕಿದ್ದೇನು? ಅಡುಗೆ ರುಚಿಯಾಗಿತ್ತು ಎನ್ನುವುದೂ ನಡೆಯುತ್ತದೆ. ಆಮೇಲೆ ಬೆಳಕು ಕೇಳಿ, ದಿನವನ್ನು ಬೆಳಗಿನಿಂದ ನಿಧಾನಕ್ಕೆ ನೋಡಿ. ಎಲ್ಲಿ ನಿಂತೆ, ಎಲ್ಲಿ ನೋಡಿಯೂ ನೋಡದ ಹಾಗೆ ದಾಟಿದೆ? ತಪ್ಪಿಗೆ ಕ್ಷಮೆ ಕೇಳಿ. ನಾಳೆಗೊಂದು ಸಣ್ಣ ತೀರ್ಮಾನ ಮಾಡಿ.

ಬರೆದ ಹೆಸರಿಗೆ ಕೆಲಸ ಆಗಿದ್ದರೆ ಪಕ್ಕದಲ್ಲಿ ಒಂದು ಚಿಕ್ಕ ಶಿಲುಬೆ ಹಾಕಿ. ಆಗಿಲ್ಲವೇ? ಹಾಗೇ ಬಿಡಿ. ನಾಳೆ ಅದೇ ಹೆಸರು ಬರೆಯಿರಿ.

7. ಭಾನುವಾರ ಹೆಸರುಗಳನ್ನು ಹೊತ್ತುಕೊಂಡು ಹೋಗಿ

ವಾರದ ಏಳು ಹೆಸರು ಇದ್ದರೆ ಪೂಜೆಗೆ ಹೋಗುವ ರೀತಿಯೇ ಬೇರೆಯಾಗುತ್ತದೆ. ರೊಟ್ಟಿ, ದ್ರಾಕ್ಷಾರಸ ಪೀಠಕ್ಕೆ ಬರುವ ಹೊತ್ತಿಗೆ ಮನಸ್ಸಿನಲ್ಲೇ ಆ ಏಳು ಜನರನ್ನೂ ಅಲ್ಲಿ ಇಡಿ. ಕಾಣಿಕೆ ಎಂದರೆ ತಟ್ಟೆಗೆ ಹಾಕುವ ನೋಟು ಮಾತ್ರ ಅಲ್ಲವಲ್ಲ.

ಹತ್ತು ನಿಮಿಷ ಮುಂಚೆ ಹೋಗಿ. ಪರಮಪ್ರಸಾದಕ್ಕೆ ಒಂದು ಗಂಟೆ ಮುಂಚಿನಿಂದ ಉಪವಾಸ ಇರಬೇಕು. ನೀರು, ಔಷಧಿ ತೆಗೆದುಕೊಳ್ಳಬಹುದು. ಪರಮಪ್ರಸಾದ ಸ್ವೀಕರಿಸಿ ಬಂದ ಮೇಲೆ ಎರಡು ನಿಮಿಷ ಕಣ್ಣು ಮುಚ್ಚಿ. ಪಾರ್ಕಿಂಗ್ ಬಗ್ಗೆ ಯೋಚಿಸಬೇಡಿ. ಲ್ಯಾಟಿನ್ನಿನಲ್ಲಿ ಪೂಜೆಗೆ ‘ಮಿಸ್ಸಾ’ ಎಂಬ ಹೆಸರು ಬಂದದ್ದೇ ಕೊನೆಯಲ್ಲಿ ಜನರನ್ನು ಕಳಿಸಿಕೊಡುವ ಮಾತಿನಿಂದ. ಗುರುಗಳು ಆಶೀರ್ವಾದ ಕೊಟ್ಟು ನಮ್ಮನ್ನು ಯಾರ ಕಡೆಗೋ ಕಳಿಸುತ್ತಾರೆ. ಅಂಗಳದಲ್ಲಿ ಒಬ್ಬರೇ ನಿಂತವರು ಕಂಡರೆ ಅವರೇ ಆ ದಿನದ ಹೆಸರು.

ಇನ್ನು ಪಾಪನಿವೇದನೆ. ಧರ್ಮಸಭೆಯ ಕಟ್ಟಳೆ ವರ್ಷಕ್ಕೆ ಒಂದು ಸಲವಾದರೂ ಎನ್ನುತ್ತದೆ. ತಿಂಗಳಿಗೊಮ್ಮೆ ಹೋಗಿ ಎನ್ನುವುದು ನನ್ನ ಬೇಡಿಕೆ. ತುಂಬಾ ವರ್ಷ ಬಿಟ್ಟವರಿಗೆ ನಾಚಿಕೆ ಇರುತ್ತದೆ, ಏನು ಹೇಳಬೇಕು ಎಂಬುದೂ ಮರೆತಿರುತ್ತದೆ. ಹೋಗಿ “ಫಾದರ್, ಬಹಳ ವರ್ಷ ಆಯ್ತು, ಕ್ರಮ ಮರೆತಿದೆ, ಸ್ವಲ್ಪ ಹೇಳಿಕೊಡಿ” ಎನ್ನಿ. ಅವರು ಕೈ ಹಿಡಿದು ನಡೆಸುತ್ತಾರೆ. ಅಲ್ಲಿ ಆಡಿದ ಒಂದು ಮಾತೂ ಹೊರಗೆ ಹೋಗುವುದಿಲ್ಲ. ಗುರುಗಳು ಪ್ರಾಣ ಹೋದರೂ ಹೇಳುವಂತಿಲ್ಲ. ಬೇರೆಯವರ ತಪ್ಪು ಹೇಳಲು ಹೋಗಬೇಡಿ, ನಿಮ್ಮದನ್ನು ಹೇಳಿ. ಅತ್ತೆ ಹೀಗೆ, ಗಂಡ ಹಾಗೆ ಎಂದು ಶುರುವಾದರೆ ಅದು ಪಾಪನಿವೇದನೆ ಆಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ಶಿಲುಬೆ ಬೀಳದೆ ಉಳಿದ ಹೆಸರುಗಳನ್ನು ನೋಡಿಕೊಂಡು ಹೋಗಿ. ಎಲ್ಲಿ ಪ್ರೀತಿ ಕಡಿಮೆ ಬಿತ್ತು ಎಂದು ಅವೇ ಹೇಳುತ್ತವೆ.

8. ಯಾರಾದರೂ ಕೇಳಿದರೆ

ಒಂದಲ್ಲ ಒಂದು ದಿನ ಯಾರೋ ಕೇಳುತ್ತಾರೆ, “ನೀವು ಯಾಕೆ ಹೀಗೆ ಮಾಡ್ತೀರಿ?” ಆಗ ಭಾಷಣ ಬೇಡ. “ಯೇಸುಸ್ವಾಮಿ ನನಗಾಗಿ ನಿಂತರು, ಅದಕ್ಕೆ” ಎನ್ನುವಷ್ಟು ಸಾಕು. ಸಂತ ಪೇತ್ರರು ತಮ್ಮ ಮೊದಲ ಪತ್ರದಲ್ಲಿ ನಮ್ಮ ಭರವಸೆಗೆ ಕಾರಣ ಹೇಳಲು ಸದಾ ಸಿದ್ಧರಿರಿ ಎನ್ನುತ್ತಾರೆ, ಆದರೆ ವಿನಯದಿಂದ, ಗೌರವದಿಂದ ಎಂದೂ ಸೇರಿಸುತ್ತಾರೆ. ಸಹಾಯ ಮಾಡಿ ಅದಕ್ಕೆ ಬದಲಾಗಿ ಏನನ್ನೂ ನಿರೀಕ್ಷಿಸಬೇಡಿ, ಅವರ ದೇವರ ಬಗ್ಗೆ ಹಗುರಾಗಿ ಮಾತಾಡಬೇಡಿ. ಪಕ್ಕದ ಮನೆಯ ದೀಪಾವಳಿಗೆ ಶುಭಾಶಯ ಹೇಳಿ, ಕ್ರಿಸ್ಮಸ್ಸಿಗೆ ಅವರನ್ನು ಕರೆಯಿರಿ. ಪ್ರೀತಿಗೆ ಷರತ್ತು ಹಾಕಿದರೆ ಅದು ಯೇಸುವಿನ ಪ್ರೀತಿ ಆಗುವುದಿಲ್ಲ.

ಸಂತ ಜೋಸೆಫ್ ವಾಜ್ ಅವರನ್ನು ನೋಡಿ. ಗೋವಾದಲ್ಲಿ 1651ರಲ್ಲಿ ಹುಟ್ಟಿದವರು. 1681ರಿಂದ ಮೂರು ವರ್ಷ ನಮ್ಮ ಕರಾವಳಿಯಲ್ಲೇ, ಮಂಗಳೂರು, ಕುಂದಾಪುರದ ಕಡೆ ಸೇವೆ ಮಾಡಿದರು. ಅವರ ನೆನಪಿನ ಮುಡಿಪು ಗುಡ್ಡಕ್ಕೆ ಇವತ್ತಿಗೂ ಜನ ಹೋಗುತ್ತಾರೆ. ಆಮೇಲೆ ಕೂಲಿಯವನ ವೇಷದಲ್ಲಿ ಶ್ರೀಲಂಕಾಕ್ಕೆ ಹೋದರು. ಅಲ್ಲಿ ಡಚ್ಚರು ಕಥೋಲಿಕ ಗುರುಗಳಿಗೆ ನಿಷೇಧ ಹಾಕಿದ್ದರು. ಅವರು ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ನೋಡಿ ಯಾರ ಕಣ್ಣು ಅರಳುತ್ತದೋ ಅವರೇ ತಮ್ಮವರು ಎಂದು ಗುರುತು ಹಿಡಿದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಬಂದು ಜನ ಸ್ವಂತದವರನ್ನೇ ಬಿಟ್ಟು ಓಡಿದಾಗ ಈ ಗುರುಗಳು ರೋಗಿಗಳ ಮೈ ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ಬೌದ್ಧ ಧರ್ಮದ ರಾಜನೂ ಅವರಿಗೆ ಗೌರವ ಕೊಟ್ಟ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಅವರನ್ನು ಸಂತ ಎಂದು ಘೋಷಿಸಿದರು.

9. ಪ್ರಾರ್ಥನೆ ಒಣಗಿದಾಗ

ಒಣಗುತ್ತದೆ. ಕೆಲವು ತಿಂಗಳು ಆದಮೇಲೆ ಓದಿದ್ದು ತಲೆಗೆ ಹತ್ತುವುದಿಲ್ಲ, ಹೆಸರು ಬರುವುದಿಲ್ಲ. ದೇವರು ದೂರ ಹೋದರು ಅನ್ನಿಸುತ್ತದೆ. ಕೋಲ್ಕತ್ತಾದ ಮದರ್ ತೆರೇಸಾ ಇಂಥ ಕತ್ತಲೆಯಲ್ಲಿ ಹತ್ತಾರು ವರ್ಷ ಕಳೆದರು. ಅವರು ತೀರಿಕೊಂಡ ಮೇಲೆ ಪ್ರಕಟವಾದ ಪತ್ರಗಳಿಂದ ಅದು ಲೋಕಕ್ಕೆ ಗೊತ್ತಾಯಿತು. ಆ ವರ್ಷಗಳಲ್ಲೂ ಅವರು ದಿನಾ ಪ್ರಾರ್ಥನೆಗೆ ಕೂತರು, ದಿನಾ ಬೀದಿಗೆ ಇಳಿದರು.

ಅಂಥ ದಿನಗಳಲ್ಲಿ ಹತ್ತು ನಿಮಿಷವನ್ನು ಕಡಿಮೆ ಮಾಡಬೇಡಿ, ಜಾಸ್ತಿಯೂ ಮಾಡಬೇಡಿ. ಕೀರ್ತನೆಗಳನ್ನು ಓದಿ. 13ನೆಯದು ದೇವರ ಮೇಲೆ ದೂರು ಹೇಳುತ್ತಲೇ ಶುರುವಾಗುತ್ತದೆ. ನಿಮ್ಮ ದೂರನ್ನೂ ಅದಕ್ಕೆ ಸೇರಿಸಿ. ಹೆಸರು ಬಾರದಿದ್ದರೆ ಹಳೆಯ ಪುಟ ತಿರುಗಿಸಿ, ಹೋದ ವರ್ಷ ಇದೇ ತಾರೀಕಿನ ಹೆಸರನ್ನು ಎತ್ತಿಕೊಳ್ಳಿ.

ಒಬ್ಬರೇ ಇರಬೇಡಿ, ಅದೂ ಮುಖ್ಯ. ನಿಮ್ಮ ಧರ್ಮಕೇಂದ್ರದಲ್ಲಿ ಕಿರು ಕ್ರೈಸ್ತ ಸಮುದಾಯದ ಕೂಟ ಇರುತ್ತದೆ, ಮರಿಯಾ ಸೇನೆ (ಲೀಜನ್ ಆಫ್ ಮೇರಿ) ಇರಬಹುದು, ವಿನ್ಸೆಂಟ್ ದೆ ಪಾಲ್ ಸಭೆ ಇರಬಹುದು. ಆ ಸಭೆಯನ್ನು 1833ರಲ್ಲಿ ಪ್ಯಾರಿಸ್ಸಿನಲ್ಲಿ ಗೆಳೆಯರ ಜೊತೆ ಶುರು ಮಾಡಿದಾಗ ಫ್ರೆಡ್ರಿಕ್ ಓಜನಾಮ್‌ಗೆ ಇಪ್ಪತ್ತೇ ವರ್ಷ. ಯಾವುದಾದರೂ ಒಂದಕ್ಕೆ ಸೇರಿ. ನಿಮ್ಮ ಪ್ರಾರ್ಥನೆ ಬತ್ತಿದ ದಿನ ಪಕ್ಕದವರ ದನಿ ನಿಮ್ಮನ್ನು ಎತ್ತಿಕೊಂಡು ಹೋಗುತ್ತದೆ.

10. ನವೆಂಬರ್ 2ಕ್ಕೆ ನೋಟ್‌ಬುಕ್ ತೆಗೆಯಿರಿ

ವರ್ಷ ಮುಗಿಯುವ ಹೊತ್ತಿಗೆ ಬರೆದ ಹೆಸರುಗಳಲ್ಲಿ ಕೆಲವರು ಇರುವುದಿಲ್ಲ. ಸಕಲ ಮೃತರ ದಿನ ಆ ಹೆಸರುಗಳನ್ನು ಬೇರೆ ಹಾಳೆಗೆ ಇಳಿಸಿಕೊಳ್ಳಿ. ಸಮಾಧಿಗೆ ಹೋಗಿ ಒಂದೊಂದೇ ಹೆಸರು ಓದಿ, ಪ್ರಾರ್ಥಿಸಿ. ಯಾರೂ ಬಾರದ ಸಮಾಧಿ ಕಂಡರೆ ಅಲ್ಲೂ ಒಂದು ಮೇಣದಬತ್ತಿ ಹಚ್ಚಿ. ಅದರ ಮೇಲಿನ ಹೆಸರನ್ನೂ ಸೇರಿಸಿಕೊಳ್ಳಿ.

ನನ್ನ ಹಾಳೆಯಲ್ಲಿ ಈಗ ನಮ್ಮತ್ತೆಯ ಹೆಸರೂ ಇದೆ. ಹಿಂದಿನ ದಿನವೇ ನಾನೂ ವಾರಗಿತ್ತಿಯೂ ಹೋಗಿ ಹುಲ್ಲು ಕೀಳುತ್ತೇವೆ, ಸುಣ್ಣ ಬಳಿಯುತ್ತೇವೆ. ಮಾರನೇ ದಿನ ಸೇವಂತಿಗೆ ಇಟ್ಟು ಜಪಸರ ಹೇಳುತ್ತೇವೆ. ಅವಳು ಅರ್ಧ, ನಾನು ಅರ್ಧ. ನೀವು ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಹತ್ತು ಗಂಟೆ ದಾಟಿದರೆ ಬಿಸಿಲಿಗೆ ಮೇಣದಬತ್ತಿ ಬಾಗುತ್ತದೆ.